ಲಿನಕ್ಸ್‌ನಲ್ಲಿ ಅರ್ಜಿ ಬರೆಯೋಕೆ ಯಾವುದು ಸಾಕು?

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹನ್ನೊಂದಕ್ಕೆ ಏರೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಅದು ಒಪ್ಪುವಂಥ ಪ್ರೊಸೆಸರ್ ಬೇಕು. ನಮ್ಮ ಸಾಗರದ ಕಡೆ ಹಾಲಿನ ಸಂಘ, ಶಾಲೆ, ಮನೆಗಳಲ್ಲಿ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಅವೆರಡೂ ಇರುವುದು ಅಪರೂಪ. ಹಾಗಾಗಿ ಯಾರೋ ಪರಿಚಯದ ಹುಡುಗರನ್ನು ಹಿಡಿದು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಳ್ಳುತ್ತಾರೆ. ಹುಡುಗ ಹಾಕಿಕೊಟ್ಟು ಹೋಗುತ್ತಾನೆ. ಮಾರನೆ ದಿನದಿಂದ ಪ್ರಶ್ನೆಗಳು ತಾಲ್ಲೂಕು ಕಚೇರಿ ಎದುರಿನ ನನ್ನ ಟೈಪಿಂಗ್ ಅಂಗಡಿಗೆ ಬರುತ್ತವೆ, ಇಲ್ಲಿ ಮಿಂಟ್ ಮೊದಲಿನಿಂದಲೂ ಇದೆ ಅಂತ ಎಲ್ಲರಿಗೂ ಗೊತ್ತು. "ಅಕ್ಕಾ, ಇದ್ರಲ್ಲಿ ವರ್ಡ್ ಎಲ್ಲಿದೆ? ದೊಡ್ಡದೆಲ್ಲ ಬೇಡ, ಸಿಂಪಲ್ ಆಗಿರೋದು ಒಂದು ಹೇಳಿ."

ಅವರು ಸಿಂಪಲ್ ಅಂದಾಗ ಅವರ ತಲೆಯಲ್ಲಿ ಇರುವುದು ಹೆಚ್ಚಾಗಿ ಹಳೆಯ ವರ್ಡ್‌ಪ್ಯಾಡ್. ಒಂದು ಕಾಗದ, ಮೇಲೆ ನಾಲ್ಕು ಗುಂಡಿ, ಅಕ್ಷರ ದಪ್ಪ ಮಾಡು, ನಡುವೆ ತಾ, ಪ್ರಿಂಟ್ ಕೊಡು. ಅದನ್ನು ಮೈಕ್ರೋಸಾಫ್ಟೇ ವಿಂಡೋಸ್ 11ರ 2024ರ ಆವೃತ್ತಿಯಿಂದ ತೆಗೆದುಹಾಕಿದೆ, ಆ ಮಾತು ಬೇರೆ. ಲಿನಕ್ಸ್‌ನಲ್ಲಿ ಅದೇ ಅಳತೆಯ, ಕನ್ನಡವನ್ನೂ ಸರಿಯಾಗಿ ಕೂರಿಸುವ, ಈಗಲೂ ಚುರುಕಾಗಿ ಬೆಳೆಯುತ್ತಿರುವ ಒಂದು ಪುಟ್ಟ ತಂತ್ರಾಂಶ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕದನ್ನು ಹುಡುಕುತ್ತಾ ಕೂರಬೇಡಿ, ಮಿಂಟ್ ಜೊತೆಗೇ ಬರುವ ಲಿಬ್ರೆಆಫೀಸ್ ರೈಟರನ್ನೇ ನಿಮ್ಮ ಕೆಲಸದಷ್ಟಕ್ಕೆ ಚಿಕ್ಕದು ಮಾಡಿಕೊಳ್ಳಿ. ದೊಡ್ಡ ಮನೆಯಲ್ಲಿ ಬೇಕಾದ ಕೋಣೆ ಮಾತ್ರ ತೆರೆದಿಟ್ಟು ಉಳಿದದ್ದಕ್ಕೆ ಚಿಲಕ ಹಾಕಿಕೊಂಡ ಹಾಗೆ. ಆದರೆ ಎಲ್ಲರಿಗೂ ಇದೇ ಉತ್ತರ ಅಲ್ಲ. ಯಾಕೆ ಅಲ್ಲ ಅನ್ನುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ.

ಮೊದಲು ಈ ಸಾಲು ಬರೆದು ನೋಡಿ

ಯಾವ ತಂತ್ರಾಂಶ ಹಾಕಿಕೊಂಡರೂ ಅದರ ಗುಂಡಿಗಳ ಅಂದ ನೋಡುವ ಮುಂಚೆ ಒಂದು ಖಾಲಿ ಪುಟ ತೆರೆದು ಇದನ್ನು ಬರೆಯಿರಿ:

ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಜ್ಞಾನ, ಸೂರ್ಯ, ಅರ್ಜಿ, ಕೃತ್ತಿಕೆ, ರಾಜ್‌ಕುಮಾರ್, ಸರ್ವೆ ನಂ. 47/2

ಬರೆದಾದ ಮೇಲೆ ಆ ಸಾಲನ್ನು ಬೋಲ್ಡ್ ಮಾಡಿ. ಎರಡು ಕಾಲಮ್ಮಿನ ಒಂದು ಕೋಷ್ಟಕ ಹಾಕಿ ಅದರೊಳಗೂ ಅಂಟಿಸಿ. ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಕೊನೆಗೆ ಒಂದು ಪಿಡಿಎಫ್ ತೆಗೆದು ದೊಡ್ಡದು ಮಾಡಿ ನೋಡಿ. ಸ್ತ್ರೀ ಅನ್ನುವಲ್ಲಿ ತ ಒತ್ತು, ರ ಒತ್ತು ಎರಡೂ ಪೂರ್ತಿ ಕಾಣಬೇಕು, ಕೆಳಗಿನ ಸಾಲಿಗೆ ತಾಗಿ ಕತ್ತರಿಸಿ ಹೋಗಬಾರದು. ಸೂರ್ಯ, ಅರ್ಜಿಗಳಲ್ಲಿ ಅರ್ಕಾವತ್ತು ತನ್ನ ಜಾಗದಲ್ಲಿ ಇರಬೇಕು. ರಾಜ್‌ಕುಮಾರ್ ಎಂದು ಬರೆದದ್ದು ಜ ಕೆಳಗೆ ಕ ಒತ್ತು ಬಂದು ರಾಜ್ಕುಮಾರ್ ಆಗಬಾರದು. ಅಂಗಡಿಗೆ ಬರುವವರ ಹೆಸರಿನಲ್ಲಿ ಇಂಥದ್ದೇ ಎಡವಟ್ಟಾಗುವುದು. ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ನಾವು ಟೈಪ್ ಮಾಡಿದ್ದು ಮೂರನೆಯದು ಆಗಿಬಿಟ್ಟರೆ ಗುಮಾಸ್ತರು ಅರ್ಜಿಯನ್ನು ಹಾಗೇ ಹಿಂದಕ್ಕೆ ತಳ್ಳುತ್ತಾರೆ.

ಬೋಲ್ಡ್ ಮಾಡಿದಾಗ ಒತ್ತಕ್ಷರ ಕಲಸಿಹೋದಂತೆ ಕಂಡರೆ ಅದು ತಂತ್ರಾಂಶದ ತಪ್ಪಾಗಿರಲಿಕ್ಕಿಲ್ಲ, ಫಾಂಟಿನದು. ಲೋಹಿತ್ ಕನ್ನಡ ಫಾಂಟಿಗೆ ಬೇರೆ ದಪ್ಪ ಅಚ್ಚು ಇಲ್ಲ, ಕಂಪ್ಯೂಟರೇ ಅಕ್ಷರವನ್ನು ಉಬ್ಬಿಸಿ ದಪ್ಪ ಮಾಡುತ್ತದೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡಕ್ಕೂ ನಿಜವಾದ ದಪ್ಪ ಅಚ್ಚು ಇದೆ. ಹಾಗಾಗಿ ನಾನು "ವಿಷಯ" ಎಂದು ಹಾಕುವ ಸಾಲಿಗೆ, ತಲೆಬರಹಕ್ಕೆ ನೋಟೋ ಬಳಸುತ್ತೇನೆ. ಫಾಂಟ್ ಕಡಿಮೆ ಇದ್ದರೆ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು ಎಂದು ಹುಡುಕಿ. ಅರವಿಂದ ವಿ.ಕೆ. ಅವರು ಮಾಡಿದ ಮುಕ್ತ ಫಾಂಟುಗಳು ಅವು, ಎರಡರಲ್ಲಿ ನವಿಲು ನನಗೆ ಹೆಚ್ಚು ಹಿಡಿಸಿತು.

ಕೀಲಿಮಣೆ

ಇದು ಸರಿಯಾಗದೆ ಮುಂದಿನ ಯಾವುದೂ ಸರಿಯಾಗದು. ನಮ್ಮ ಕಡೆ ಟೈಪಿಂಗ್ ಕಲಿತವರು ಬಹುತೇಕ ನುಡಿ ತಂತ್ರಾಂಶದವರು, ಅಂದರೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸದ ಮೇಲೆ ಬೆರಳು ಪಳಗಿದವರು. ಕೆ ಒತ್ತಿದರೆ ಕ, ಒತ್ತು ಬೇಕಾದಾಗ ನಡುವೆ ಎಫ್.

ಮಿಂಟ್‌ನ ಕೀಬೋರ್ಡ್ ಸೆಟಿಂಗ್‌ನಲ್ಲಿ ಲೇಔಟ್ ಸೇರಿಸಲು ಹೋದರೆ ಅಲ್ಲೇ ಕಗಪ ಎಂದು ಒಂದು ಕಾಣುತ್ತದೆ. ಖುಷಿಯಿಂದ ಅದನ್ನು ಹಾಕಿಕೊಂಡವರು ಸ್ವರ ಬರೆಯುವಾಗ ಗೊಂದಲಕ್ಕೆ ಬೀಳುತ್ತಾರೆ. ಅದು ಬರೀ ಕೀಲಿಗೊಂದು ಅಕ್ಷರದ ಪಟ್ಟಿ. ಪದದ ಶುರುವಿನಲ್ಲಿದ್ದರೆ ಇ, ವ್ಯಂಜನದ ಮುಂದಿದ್ದರೆ ಗುಡಿಸು ಅಂತ ತಾನೇ ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ. ನುಡಿಯ ಹಾಗೆ ನಡೆಯಬೇಕು ಅಂದರೆ ಐಬಸ್ ಎಂಬ, ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶದ ದಾರಿ ಹಿಡಿಯಿರಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ, ಸಾಫ್ಟ್‌ವೇರ್ ಮ್ಯಾನೇಜರಿನಿಂದ ಐಬಸ್‌ನ ಎಂ17ಎನ್ ಪೊಟ್ಟಣ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಹುಡುಕಿ ಕೆಜಿಪಿ ಎಂದಿರುವುದನ್ನು ಸೇರಿಸಿ. ಬರಹ ತಂತ್ರಾಂಶದ ರೀತಿಯಲ್ಲಿ ಇಂಗ್ಲಿಷ್ ಕಾಗುಣಿತದಲ್ಲೇ ಬರೆದು ಅಭ್ಯಾಸವಿದ್ದರೆ ಐಟ್ರಾನ್ಸ್ ಸೇರಿಸಿ, ಪೂರ್ತಿ ಬರಹದಂತೆಯೇ ಇಲ್ಲ, ಆದರೆ ಬೇಗ ಕೈಗೆ ಹತ್ತುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅಲ್ಲೇ ಇದೆ. ಕನ್ನಡ, ಇಂಗ್ಲಿಷ್ ಬದಲಾಯಿಸಲು ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಬೇಕು.

ಯಾರಿಗೆ ಯಾವುದು

ಅರ್ಜಿ, ಪತ್ರ, ನಡಾವಳಿ, ಕರಾರು ಬರೆಯುವವರಿಗೆ ರೈಟರ್. ಅದರ ಬಗ್ಗೆ ಕೆಳಗೆ ಉದ್ದಕ್ಕೆ ಹೇಳುವುದಿದೆ. ಉಳಿದವನ್ನು ಬೇಗ ಮುಗಿಸುತ್ತೇನೆ.

ಮಿಂಟ್‌ನಲ್ಲಿ ಟೆಕ್ಸ್ಟ್ ಎಡಿಟರ್ ಎಂದು ಒಂದು ಇರುತ್ತದೆ, ಎಕ್ಸ್‌ಎಡ್ ಅದರ ನಿಜವಾದ ಹೆಸರು. ತಕ್ಷಣ ತೆರೆಯುತ್ತದೆ, ಹಗುರ. ಫೋನ್ ನಂಬರ್, ಸಾಮಾನಿನ ಪಟ್ಟಿ, ನೆನಪಿನ ಚೀಟಿಗೆ ಸಾಕು. ಆದರೆ ಅದರಲ್ಲಿ ಒಂದು ಪದವನ್ನು ಮಾತ್ರ ದಪ್ಪ ಮಾಡಲಾಗದು, ಅಂಚು ಅಳೆದು ಪುಟ ಕಟ್ಟಲಾಗದು. ನೋಟ್‌ಪ್ಯಾಡಿನ ಜಾಗಕ್ಕೆ ಅದು ಸರಿ, ವರ್ಡ್‌ಪ್ಯಾಡಿನ ಜಾಗಕ್ಕಲ್ಲ.

ವರ್ಡ್‌ಪ್ಯಾಡಿಗೆ ಹತ್ತಿರ ಬರುವುದು ಅಬಿವರ್ಡ್. 1998ರಿಂದ ಇರುವ ಹಳಬ. ಒಂದೇ ಕಿಟಕಿ, ಒಂದೆರಡು ಸಾಲು ಗುಂಡಿ, ಎರಡು ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಒಂದು ಪುಟದ ರಜಾ ಅರ್ಜಿ, ಸಭೆಯ ಆಹ್ವಾನ ಇಷ್ಟೇ ನಿಮ್ಮ ಕೆಲಸವಾದರೆ ಇದನ್ನು ಹಾಕಿ ಮೇಲಿನ ಪರೀಕ್ಷೆ ಮಾಡಿ, ಪಾಸಾದರೆ ಇಟ್ಟುಕೊಳ್ಳಿ. ಎರಡು ಎಚ್ಚರಿಕೆ ಮಾತ್ರ. ಉಳಿಸುವಾಗ ಅದರ ಸ್ವಂತ ಎಬಿಡಬ್ಲ್ಯೂ ರೂಪದಲ್ಲಿ ಬಿಡಬೇಡಿ, ರೈಟರಿನ ರೂಪವಾದ ಓಡಿಟಿ ಆರಿಸಿ, ಇಲ್ಲವಾದರೆ ಆ ಕಡತವನ್ನು ಬೇರೆ ಕಡೆ ತೆರೆಯುವವರೇ ಸಿಗುವುದಿಲ್ಲ. ಇನ್ನೊಂದು, ಕೋಷ್ಟಕ ತುಂಬಿರುವ ವರ್ಡ್ ಕಡತವನ್ನು ಇದರಲ್ಲಿ ತೆರೆದು ತಿದ್ದಿ ವಾಪಸ್ ಕಳಿಸುವ ಸಾಹಸ ಬೇಡ. ಇತ್ತೀಚಿನ ವರ್ಷಗಳಲ್ಲಿ ಇದರ ಬೆಳವಣಿಗೆ ನಿಧಾನ, ಹಾಗಾಗಿ ಹತ್ತು ವರ್ಷ ಇಟ್ಟುಕೊಳ್ಳಬೇಕಾದ ಕಾಗದಗಳಿಗೆ ನಾನು ಇದನ್ನು ನೆಚ್ಚುವುದಿಲ್ಲ.

ಫೋಕಸ್‌ರೈಟರ್ ಬೇರೆಯದೇ ಜಾತಿ. ನಮ್ಮ ಓಣಿಯ ನಿವೃತ್ತ ಮೇಷ್ಟ್ರು ತಮ್ಮ ಶಾಲಾ ದಿನಗಳ ನೆನಪು ಬರೆಯಲು ಕೂತಿದ್ದಾರೆ. ಅವರಿಗೆ ಗುಂಡಿ ಕಂಡರೇ ಕಿರಿಕಿರಿ. "ಏನೂ ಕಾಣಬಾರದಮ್ಮ, ಹಾಳೆ ಒಂದೇ ಸಾಕು" ಅಂದರು. ಇದನ್ನು ತೆರೆದರೆ ಪರದೆ ತುಂಬ ಒಂದು ಹಾಳೆ, ಅಷ್ಟೇ. ಮೌಸನ್ನು ಮೇಲಿನ ಅಂಚಿಗೆ ಒಯ್ದಾಗ ಮಾತ್ರ ಮೆನು ಇಳಿಯುತ್ತದೆ. ದಿನಕ್ಕೆ ಇಷ್ಟು ಪದ ಅಥವಾ ಇಷ್ಟು ನಿಮಿಷ ಎಂದು ಗುರಿ ಇಟ್ಟುಕೊಳ್ಳಬಹುದು, ಬೇಕಾದರೆ ಟೈಪ್‌ರೈಟರಿನ ಟಕಟಕ ಸದ್ದೂ ಹಾಕಬಹುದು. ಮೇಷ್ಟ್ರು ಸದ್ದು ಹಾಕಿಸಿಕೊಂಡಿದ್ದಾರೆ. ಓಡಿಟಿಯಲ್ಲೇ ಉಳಿಸುವುದರಿಂದ ಆಮೇಲೆ ರೈಟರಿನಲ್ಲಿ ತೆರೆದು ಪುಟ ಕಟ್ಟುವುದು ಸುಲಭ. ಕೋಷ್ಟಕ, ಚಿತ್ರ ಇದಕ್ಕೆ ಸಂಬಂಧಪಟ್ಟ ವಿಷಯವಲ್ಲ. ಉದ್ದಕ್ಕೆ ಬರೆಯುವವರಿಗೆ ಬರೆಯುವ ಹಂತದಲ್ಲಿ ಇದಕ್ಕಿಂತ ಸರಳವಾದದ್ದು ನಾನು ಕಂಡಿಲ್ಲ.

ಓನ್ಲಿಆಫೀಸ್ ನೋಡಲು ವರ್ಡ್‌ನಂತೆಯೇ ಇದೆ, ಅದೂ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು), ವರ್ಡ್‌ನ ಡಾಕ್ಸ್ ಕಡತವೇ ಅದರ ಮಾತೃಭಾಷೆ. ಬೇರೆಯವರು ಕಳಿಸಿದ ಇಂಗ್ಲಿಷ್ ಫಾರ್ಮುಗಳನ್ನು ತುಂಬಿ ವಾಪಸ್ ಕಳಿಸುವುದೇ ಕೆಲಸ ಅನ್ನುವವರಿಗೆ ಹೊಂದುತ್ತದೆ. ಕನ್ನಡಕ್ಕೆ ಪರೀಕ್ಷೆ ಮಾಡದೆ ಒಪ್ಪಿಕೊಳ್ಳಬೇಡಿ. ಕ್ಯಾಲಿಗ್ರಾ ವರ್ಡ್ಸ್ ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಸುವವರಿಗೆ, ನಮ್ಮ ಕೆಲಸಕ್ಕೆ ಅದರ ಚೌಕಟ್ಟಿನ ವ್ಯವಸ್ಥೆ ಹೆಚ್ಚಾಯಿತು. ಡಬ್ಲ್ಯೂಪಿಎಸ್ ಉಚಿತವಾಗಿ ಸಿಕ್ಕರೂ ಮುಕ್ತ ತಂತ್ರಾಂಶವಲ್ಲ, ಅದನ್ನು ಈ ಪಟ್ಟಿಗೆ ಸೇರಿಸಿಲ್ಲ.

ರೈಟರನ್ನು ಚಿಕ್ಕದು ಮಾಡುವುದು

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು, ಈಗ ಡಾಕ್ಯುಮೆಂಟ್ ಫೌಂಡೇಶನ್ ಅದನ್ನು ನೋಡಿಕೊಳ್ಳುತ್ತದೆ. 2024ರಿಂದ ಆವೃತ್ತಿಯ ಹೆಸರಲ್ಲೇ ವರ್ಷ, ತಿಂಗಳು ಇರುತ್ತದೆ: 24.2 ಅಂದರೆ 2024ರ ಫೆಬ್ರುವರಿಯದು. ಮಿಂಟ್ 22ರಲ್ಲಿ ಬರುವುದು ಅದೇ. ಇದಕ್ಕಿಂತ ಹೊಸದರ ಹಿಂದೆ ಬೀಳುವ ಅಗತ್ಯ ಅರ್ಜಿ ಬರೆಯುವವರಿಗಿಲ್ಲ.

ಮೊದಲ ಸಲ ತೆರೆದಾಗ ಮೇಲೆ ಎರಡು ಪಟ್ಟಿ, ಬಲಕ್ಕೆ ಇನ್ನೊಂದು ಪಟ್ಟಿ ನೋಡಿ ಗಾಬರಿಯಾಗುತ್ತದೆ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಒತ್ತಿ ಸಿಂಗಲ್ ಟೂಲ್‌ಬಾರ್ ಆರಿಸಿ. ಗುಂಡಿಗಳ ಸಾಲು ಒಂದೇ ಆಗುತ್ತದೆ. ಬಲಗಡೆಯ ಪಟ್ಟಿ ಹೋಗಲು ಕಂಟ್ರೋಲ್ ಜೊತೆ ಎಫ್5. ಇನ್ನೂ ಉಳಿದ ಗುಂಡಿಗಳಲ್ಲಿ ಬೇಡದ್ದು ಇದ್ದರೆ ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ವಿಸಿಬಲ್ ಬಟನ್ಸ್‌ನಲ್ಲಿ ಒಂದೊಂದೇ ಗುರುತು ತೆಗೆಯಿರಿ. ನನ್ನ ಯಂತ್ರದಲ್ಲಿ ಉಳಿದಿರುವುದು ಉಳಿಸು, ಪಿಡಿಎಫ್, ಪ್ರಿಂಟ್, ಫಾಂಟ್, ಅಳತೆ, ದಪ್ಪ, ಅಡಿಗೆರೆ, ಎಡ ನಡು ಬಲ, ಕೋಷ್ಟಕ. ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ.

ಮೆನು ಕನ್ನಡದಲ್ಲೇ ಬೇಕು ಅಂದರೆ ಲಿಬ್ರೆಆಫೀಸ್‌ನ ಕನ್ನಡ ಭಾಷಾ ಪೊಟ್ಟಣ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಸಿಗುತ್ತದೆ. ನಾನು ಮೆನುವನ್ನು ಇಂಗ್ಲಿಷಿನಲ್ಲೇ ಇಟ್ಟಿದ್ದೇನೆ, ಫೋನಿನಲ್ಲಿ ಯಾರಿಗಾದರೂ "ಅಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತ ಹೇಳುವಾಗ ಅದೇ ಸಲೀಸು.

ಈಗ ಮುಖ್ಯವಾದದ್ದು. ಟೂಲ್ಸ್ ಮೆನುವಿನ ಕೊನೆಯಲ್ಲಿ ಆಪ್ಷನ್ಸ್ ಇದೆ. ಅದರಲ್ಲಿ ಭಾಷೆಯ ಭಾಗಕ್ಕೆ ಹೋಗಿ, ದಾಖಲೆಗಳ ಭಾಷೆ ಕೇಳುವ ಕಡೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಕನ್ನಡ ಆರಿಸಿ. ರೈಟರ್ ಇಂಗ್ಲಿಷಿಗೆ ಒಂದು ಫಾಂಟ್, ನಮ್ಮಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಲೆಕ್ಕ ಎರಡಾಗಿ ಇಟ್ಟುಕೊಳ್ಳುತ್ತದೆ. "ಅಕ್ಷರ 14 ಮಾಡಿದೀನಿ, ಆದ್ರೂ ಕನ್ನಡ ಸಣ್ಣದೇ ಇದೆ" ಅಂತ ಬರುವ ದೂರಿನ ಮೂಲ ಇದು. ಹದಿನಾಲ್ಕಾದದ್ದು ಇಂಗ್ಲಿಷ್ ಲೆಕ್ಕದಲ್ಲಿ, ಕನ್ನಡ ಇನ್ನೂ ಹನ್ನೆರಡರಲ್ಲೇ ಕೂತಿರುತ್ತದೆ. ಅದೇ ಆಪ್ಷನ್ಸ್‌ನಲ್ಲಿ ಲಿಬ್ರೆಆಫೀಸ್ ರೈಟರ್ ಭಾಗದಡಿ ಬೇಸಿಕ್ ಫಾಂಟ್ಸ್ ಎರಡು ಸಲ ಕಾಣುತ್ತದೆ. ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂದು ಬರೆದಿರುವುದರೊಳಗೆ ಹೋಗಿ ನಿಮ್ಮ ಕನ್ನಡ ಫಾಂಟ್, ಅಳತೆ ಹಾಕಿಡಿ. ಒಮ್ಮೆ ಮಾಡಿಟ್ಟರೆ ಪ್ರತಿ ಹೊಸ ಕಡತವೂ ಸರಿಯಾಗಿಯೇ ತೆರೆಯುತ್ತದೆ.

ಸಾಲುಗಳ ಅಂತರದಲ್ಲಿ ಫಿಕ್ಸ್ಡ್ ಎಂಬುದನ್ನು ಮುಟ್ಟಬೇಡಿ. ಕನ್ನಡಕ್ಕೆ ಕೆಳಗೆ ಜಾಗ ಬೇಕು. ಅಂತರ ಕಟ್ಟಿಹಾಕಿದರೆ ರಾಷ್ಟ್ರದ ಒತ್ತು ಅರ್ಧಕ್ಕೆ ಕಡಿದುಹೋಗುತ್ತದೆ, ಪರದೆಯ ಮೇಲೆ ಗೊತ್ತಾಗದೆ ಪ್ರಿಂಟಿನಲ್ಲಿ ಗೊತ್ತಾಗುತ್ತದೆ. ಪ್ರೊಪೋರ್ಷನಲ್ ಇಟ್ಟುಕೊಂಡು ಶೇಕಡಾ ಹೆಚ್ಚು ಕಡಿಮೆ ಮಾಡಿ. ನೋಟೋ ಫಾಂಟಿನ ಸಾಲುಗಳು ಎತ್ತರ, ಒಂದೇ ಪುಟದಲ್ಲಿ ಮುಗಿಸಬೇಕಾದಾಗ ಲೋಹಿತ್‌ಗೆ ಬದಲಾಯಿಸಿದರೆ ಕೆಲವು ಸಾಲು ಉಳಿಯುತ್ತವೆ.

ಕನ್ನಡ ಬರೆಯುತ್ತಿದ್ದಂತೆ ಕೆಂಪು ಅಲೆಗೆರೆ ತುಂಬಿದರೆ ಶಿಫ್ಟ್ ಜೊತೆ ಎಫ್7 ಒತ್ತಿ ಅದನ್ನು ನಿಲ್ಲಿಸಿಬಿಡಿ. ಕನ್ನಡದ ಹನ್‌ಸ್ಪೆಲ್ ನಿಘಂಟು ಇದೆ, ಹಾಕಿಕೊಳ್ಳಬಹುದು. ಆದರೆ ನಮ್ಮ ಭಾಷೆಯಲ್ಲಿ "ಕೊಡಿಸಬೇಕಾಗಿರುವುದರಿಂದ" ಎಂದು ಒಂದೇ ಪದಕ್ಕೆ ಬಾಲ ಬೆಳೆಯುತ್ತಾ ಹೋಗುತ್ತದೆ, ಯಾವ ಪಟ್ಟಿಯೂ ಅದೆಲ್ಲವನ್ನೂ ಹಿಡಿದಿಡಲಾರದು. ಅರ್ಜಿಯ ಭಾಷೆಯಲ್ಲಿ ಇಂಥವೇ ಹೆಚ್ಚು. ಸರಿ ಇರುವುದಕ್ಕೂ ಕೆಂಪು ಗೆರೆ ನೋಡಿ ನೋಡಿ, ನಿಜವಾದ ತಪ್ಪು ಬಂದಾಗ ಕಣ್ಣಿಗೆ ಬೀಳುವುದೇ ಇಲ್ಲ.

ರಾಜ್‌ಕುಮಾರ್, ಸಾಫ್ಟ್‌ವೇರ್ ಇವುಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಬೇಕು. ನಿಮ್ಮ ಕೀಲಿಮಣೆಯಲ್ಲಿ ಅದಕ್ಕೆ ಕೀಲಿ ಗೊತ್ತಿಲ್ಲದಿದ್ದರೆ ರೈಟರಿನಲ್ಲಿ ಹೀಗೆ ಮಾಡಿ: "ರಾಜ್" ಆದ ಕೂಡಲೇ ಇಂಗ್ಲಿಷಿಗೆ ಬದಲಿಸಿ 200 ಎಂದು ಒತ್ತಿ, ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಿ ಅಕ್ಷರ ಒತ್ತಿ, ಬಳಿಕ ಆಲ್ಟ್ ಹಿಡಿದು ಎಕ್ಸ್. ಬರೆದದ್ದು ಮಾಯವಾಗಿ ಆ ಕಾಣದ ಅಕ್ಷರ ಕೂರುತ್ತದೆ. ಕನ್ನಡಕ್ಕೆ ಮರಳಿ "ಕುಮಾರ್" ಬರೆಯಿರಿ. ಪದೇಪದೇ ಬರುವ ಹೆಸರಾದರೆ ಒಮ್ಮೆ ಮಾಡಿ ಕಾಪಿ ಮಾಡುವುದೇ ಬೇಗ.

ಕರೆಂಟಿನ ವಿಷಯ. ಮಳೆಗಾಲದಲ್ಲಿ ನಮ್ಮ ಕಡೆ ಅದರ ಬಗ್ಗೆ ಹೇಳುವುದೇ ಬೇಡ. ಆಪ್ಷನ್ಸ್‌ನ ಲೋಡ್ ಸೇವ್ ಭಾಗದಲ್ಲಿ ಆಟೋರಿಕವರಿ ಎಷ್ಟು ನಿಮಿಷಕ್ಕೊಮ್ಮೆ ಎಂದು ಇದೆ, ಅದನ್ನು 3ಕ್ಕೆ ಇಳಿಸಿ. ಅಲ್ಲೇ ಬ್ಯಾಕಪ್ ಪ್ರತಿ ಯಾವಾಗಲೂ ಮಾಡು ಎಂಬುದಕ್ಕೂ ಗುರುತು ಹಾಕಿ.

ಮತ್ತೆ ಮತ್ತೆ ಬರೆಯುವ ಸಾಲುಗಳು

ಟೈಪಿಂಗ್ ಅಂಗಡಿಯ ಅರ್ಧ ದಿನ ಹೋಗುವುದು "ಮಾನ್ಯ ತಹಶೀಲ್ದಾರರ ಸನ್ನಿಧಿಗೆ", "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಇವುಗಳಲ್ಲೇ. ಪೌತಿ ಖಾತೆಗೆ ಬಂದವರಿಗೂ ಅದೇ, ಪೋಡಿಗೆ ಬಂದವರಿಗೂ ಅದೇ. ಅಂಥ ಸಾಲುಗಳನ್ನು ಒಮ್ಮೆ ಬರೆದು ಆಯ್ಕೆ ಮಾಡಿ ಕಂಟ್ರೋಲ್ ಜೊತೆ ಎಫ್3 ಒತ್ತಿ. ಆಟೋಟೆಕ್ಸ್ಟ್ ಎಂಬ ಕಿಟಕಿ ಬರುತ್ತದೆ. ಒಂದು ಹೆಸರು, ಇಂಗ್ಲಿಷಿನಲ್ಲಿ ಎರಡಕ್ಷರದ ಗುರುತು ಕೊಟ್ಟು ಹೊಸದಾಗಿ ಸೇರಿಸಿ. ಮುಂದೆ ಆ ಎರಡಕ್ಷರ ಬರೆದು ಎಫ್3 ಒತ್ತಿದರೆ ಪೂರ್ತಿ ಸಾಲು, ಬೇಕಾದರೆ ಪೂರ್ತಿ ಪ್ಯಾರಾ, ದಪ್ಪ ಅಡಿಗೆರೆ ಸಮೇತ ಇಳಿಯುತ್ತದೆ. ಇಡೀ ಅರ್ಜಿಯೇ ಒಂದೇ ಅಚ್ಚಿನದಾದರೆ ಫೈಲ್ ಮೆನುವಿನ ಟೆಂಪ್ಲೇಟ್ಸ್‌ನಲ್ಲಿ ಉಳಿಸಿ. ಹಿಂದಿನವರ ಅರ್ಜಿ ತೆರೆದು ಹೆಸರು ಬದಲಿಸುವ ಪದ್ಧತಿ ಬಿಡಿ, ಅದರಲ್ಲಿ ಯಾರದೋ ಸರ್ವೆ ನಂಬರ್ ಇನ್ಯಾರದೋ ಅರ್ಜಿಯಲ್ಲಿ ಉಳಿದುಹೋಗುತ್ತದೆ.

ವಂಶವೃಕ್ಷಕ್ಕೆ ಮಾತ್ರ ರೈಟರ್ ಬೇಡ. ಗೆರೆಗಳು ಸಾಲಿನ ಜೊತೆ ಓಡಾಡಿ ಅಣ್ಣನ ಮಗ ತಮ್ಮನ ಕೆಳಗೆ ಬಂದು ಕೂರುತ್ತಾನೆ. ಲಿಬ್ರೆಆಫೀಸ್‌ನಲ್ಲೇ ಇರುವ ಡ್ರಾ ತೆರೆದು ಅಲ್ಲಿ ಚೌಕ, ಗೆರೆ ಹಾಕಿ.

ಇ-ಸ್ಟ್ಯಾಂಪ್ ಕಾಗದದ ಮೇಲೆ

ಪುಟ್ಟ ತಂತ್ರಾಂಶಗಳನ್ನು ಬಿಟ್ಟು ರೈಟರಿಗೇ ಅಂಟಿಕೊಳ್ಳಲು ನನಗಿರುವ ದೊಡ್ಡ ಕಾರಣ ಇದು. ಕರಾರು, ಪ್ರಮಾಣಪತ್ರಗಳನ್ನು ಇ-ಸ್ಟ್ಯಾಂಪ್ ಹಾಳೆಯ ಮೇಲೆ ಅಚ್ಚು ಹಾಕಬೇಕು. ಹಾಳೆಯ ಮೇಲಿನ ಭಾಗದಲ್ಲಿ ಅವರ ವಿವರ ಮೊದಲೇ ಅಚ್ಚಾಗಿರುತ್ತದೆ, ಈ ಗೆರೆಯ ಕೆಳಗೆ ಬರೆಯಿರಿ ಅಥವಾ ಟೈಪ್ ಮಾಡಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ನಮ್ಮ ಬರಹ ಅಲ್ಲಿಂದ ಶುರುವಾಗಬೇಕು. ಎರಡನೇ ಪುಟದಿಂದ ಮಾಮೂಲಿ ಹಾಳೆ, ಮಾಮೂಲಿ ಅಂಚು.

ಇದಕ್ಕೆ ಎಂಟರ್ ಒತ್ತುತ್ತಾ ಕೆಳಗೆ ಇಳಿಯುವವರೇ ಹೆಚ್ಚು. ಮೇಲೆ ಎಲ್ಲಾದರೂ ಒಂದು ಪದ ಸೇರಿಸಿದರೆ ಇಡೀ ಪುಟ ಜಾರುತ್ತದೆ. ಹೀಗೆ ಮಾಡಿ: ಒಂದು ಅಳತೆಪಟ್ಟಿ ಹಿಡಿದು ಹಾಳೆಯ ಮೇಲಂಚಿನಿಂದ ಆ ಗೆರೆಯವರೆಗೆ ಅಳೆಯಿರಿ, ಅದಕ್ಕೆ ಒಂದು ಸೆಂಟಿಮೀಟರ್ ಸೇರಿಸಿ. ರೈಟರಿನಲ್ಲಿ ಎಫ್11 ಒತ್ತಿದರೆ ಸ್ಟೈಲ್ಸ್ ಬರುತ್ತದೆ, ಅದರಲ್ಲಿ ಪುಟದ ಚಿತ್ರವಿರುವ ಗುಂಡಿ ಒತ್ತಿ. ಕರ್ಸರ್ ಮೊದಲ ಪುಟದಲ್ಲಿರುವಾಗ ಫಸ್ಟ್ ಪೇಜ್ ಎಂಬುದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಆಮೇಲೆ ಅದರ ಮೇಲೆ ಬಲ ಕ್ಲಿಕ್ ಮಾಡಿ ತಿದ್ದುವ ಆಯ್ಕೆಗೆ ಹೋಗಿ, ಮೇಲಿನ ಅಂಚಿಗೆ ನೀವು ಅಳೆದ ಸಂಖ್ಯೆ ಹಾಕಿ. ಬರಹ ಎರಡನೇ ಪುಟಕ್ಕೆ ಹರಿದಾಗ ತಾನಾಗಿ ಮಾಮೂಲಿ ಪುಟದ ಅಂಚಿಗೆ ಬರುತ್ತದೆ. ಕಾಗದದ ಅಳತೆಯನ್ನು ಎರಡು ಶೈಲಿಯಲ್ಲೂ ಬೇರೆಬೇರೆಯಾಗಿ ಹೇಳಬೇಕು. ಲೀಗಲ್ ಹಾಳೆ 216 ಕ್ಕೆ 356 ಮಿಲಿಮೀಟರ್, ಎ4 ಹಾಳೆ 210 ಕ್ಕೆ 297. ಒಂದರಲ್ಲಿ ಲೀಗಲ್ ಇನ್ನೊಂದರಲ್ಲಿ ಎ4 ಉಳಿದರೆ ಪ್ರಿಂಟರ್ ನಡುವೆ ನಿಂತು ಕಾಯುತ್ತದೆ. ಸ್ಟ್ಯಾಂಪ್ ಹಾಳೆ ಹಾಕುವ ಮುಂಚೆ ಬಿಳಿ ಹಾಳೆಯ ಮೇಲೆ ಒಂದು ಪ್ರತಿ ತೆಗೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿ. ಸಾಲು ಕೂತರೆ ಟೆಂಪ್ಲೇಟ್ ಆಗಿ ಉಳಿಸಿಡಿ, ಮತ್ತೆ ಅಳೆಯುವ ಕೆಲಸವಿಲ್ಲ.

ಹಳೆಯ ನುಡಿ ಕಡತಗಳು

ವಿಂಡೋಸ್‌ನಲ್ಲಿ ವರ್ಷಗಟ್ಟಲೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ಮಿಂಟ್‌ನಲ್ಲಿ ತೆರೆದರೆ ಕನ್ನಡ ಎಂಬ ಪದವೇ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹಾಕಿದ ಎ, ಪೌಂಡಿನ ಗುರುತು ಎಂದು ಕಾಣುತ್ತದೆ. ಕಡತ ಹಾಳಾಗಿಲ್ಲ, ಲಿನಕ್ಸಿನ ತಪ್ಪೂ ಅಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಇಟ್ಟುಕೊಂಡಿದ್ದವು. ಫಾಂಟ್ ಇಲ್ಲದಿದ್ದಾಗ ಒಳಗಿರುವ ಇಂಗ್ಲಿಷ್ ಹೊರಗೆ ಕಾಣುತ್ತದೆ.

ಬರೀ ಪ್ರಿಂಟ್ ತೆಗೆಯುವುದಾದರೆ ಆ ಹಳೆಯ ಫಾಂಟ್ ಕಡತವನ್ನು ತಂದು ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ರೈಟರ್ ಮುಚ್ಚಿ ತೆರೆಯಿರಿ. ತಿದ್ದಿ ಮುಂದೆಯೂ ಬಳಸುವುದಾದರೆ ಯೂನಿಕೋಡಿಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಸಂಕೇತಕ್ಕೆ, ಬದಲಾಯಿಸಿಬಿಡುವುದೇ ಲೇಸು. ಗುಬ್ಬಿ, ನವಿಲು ಮಾಡಿದ ಅರವಿಂದ ಅವರದ್ದೇ ಆಸ್ಕಿಯಿಂದ (ಆ ಹಳೆಯ ಫಾಂಟುಗಳ ರೀತಿಯಿಂದ) ಯೂನಿಕೋಡಿಗೆ ಬದಲಿಸುವ ಪರಿವರ್ತಕ ಅಂತರಜಾಲದಲ್ಲಿ ಉಚಿತವಾಗಿದೆ. ಪಠ್ಯ ಅಂಟಿಸಿದರೆ ಯೂನಿಕೋಡ್ ಕನ್ನಡ ಬರುತ್ತದೆ. ಕಡತದ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಬದಲಿಸುತ್ತದೆ, ಅವನ್ನು ಮೊದಲೇ ಬೇರೆ ಕಡೆ ಎತ್ತಿಡಿ. ಬದಲಾದ ಮೇಲೆ ಹೆಸರು, ಚಕ್ಕುಬಂದಿ, ಮೊಬಲಗನ್ನು ಮೂಲದ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡುವುದು ಒಳ್ಳೆಯದು.

ಹೊರಗೆ ಕಳಿಸುವಾಗ

ನಿಮ್ಮ ಪ್ರತಿ ಓಡಿಟಿಯಲ್ಲೇ ಇರಲಿ. ಅದು 2006ರಲ್ಲೇ ಐಎಸ್‌ಒ ಮಾನದಂಡವಾದ ರೂಪ, ನಾಳೆ ರೈಟರ್ ಬಿಟ್ಟು ಬೇರೆಯದಕ್ಕೆ ಹೋದರೂ ತೆರೆಯುತ್ತದೆ. ಕಚೇರಿಗೆ ಪಿಡಿಎಫ್ ಕೊಡಿ. "ವರ್ಡ್ ಫೈಲೇ ಬೇಕು" ಎಂದು ಕೇಳಿದರೆ ಸೇವ್ ಆ್ಯಸ್‌ನಲ್ಲಿ ಡಾಕ್ಸ್ ಆರಿಸಿ. ನೀವು ನವಿಲಿನಲ್ಲಿ ಬರೆದದ್ದು ಅವರ ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ ಫಾಂಟಿಗೆ ಬದಲಾಗುತ್ತದೆ, ಸಾಲುಗಳು ಜಾರಿ ಸಹಿಯ ಜಾಗ ಮುಂದಿನ ಪುಟಕ್ಕೆ ಹೋಗಬಹುದು. ಕಳಿಸುವ ಮುಂಚೆ ಫೈಲ್ ಮೆನುವಿನ ಪ್ರಾಪರ್ಟೀಸ್ ತೆರೆದು ಫಾಂಟ್ ಎಂಬ ಹಾಳೆಯಲ್ಲಿ ಫಾಂಟುಗಳನ್ನು ದಾಖಲೆಯೊಳಗೇ ಸೇರಿಸುವ ಗುರುತು ಹಾಕಿ. ಕಡತ ಸ್ವಲ್ಪ ದಪ್ಪವಾಗುತ್ತದೆ, ಪುಟ ಜಾರುವ ಕಾಟ ಕಡಿಮೆಯಾಗುತ್ತದೆ.

ಇನ್ನೊಂದು ಸೌಲಭ್ಯ ನನ್ನಂಥ ಅಂಗಡಿಯವರಿಗೆ. ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಒಯ್ಯುತ್ತಾರೆ, ಆರು ತಿಂಗಳು ಬಿಟ್ಟು "ಅಕ್ಕಾ, ಇದ್ರಲ್ಲಿ ತಾರೀಕು ಒಂದು ಬದಲಾಯಿಸಿ" ಅಂತ ಅದನ್ನೇ ತರುತ್ತಾರೆ. ರೈಟರಿನಲ್ಲಿ ಪಿಡಿಎಫ್ ತೆಗೆಯುವ ಕಿಟಕಿಯಲ್ಲಿ ಹೈಬ್ರಿಡ್ ಪಿಡಿಎಫ್ ಎಂದು ಒಂದು ಗುರುತು ಇದೆ. ಅದನ್ನು ಹಾಕಿದರೆ ಪಿಡಿಎಫ್ ಒಳಗೇ ಓಡಿಟಿ ಕಡತವೂ ಅಡಗಿ ಕೂರುತ್ತದೆ. ನೋಡುವವರಿಗೆ ಮಾಮೂಲಿ ಪಿಡಿಎಫ್, ರೈಟರಿನಲ್ಲಿ ತೆರೆದರೆ ಮೂಲದಂತೆಯೇ ತಿದ್ದಲು ಬರುತ್ತದೆ. ಗಿರಾಕಿ ತಮ್ಮ ಬಳಿ ಇಟ್ಟುಕೊಳ್ಳುವ ಪ್ರತಿಗೆ ಮಾತ್ರ ಇದನ್ನು ಮಾಡಿ. ಕಚೇರಿಗೋ ಎದುರು ಪಾರ್ಟಿಗೋ ಹೋಗುವ ಕರಾರಿಗೆ ಆ ಗುರುತು ತೆಗೆದು ಬರೀ ಪಿಡಿಎಫ್ ಕೊಡಿ.